ಸಂಜೆ ಕಕ್ಷಿದಾರರ ಫೋನ್ ಕಡಿಮೆ ಮಾಡುವ ದಾರಿ
ವಕೀಲ ಮಿತ್ರರೇ, ರಾತ್ರಿ ಊಟದ ಹೊತ್ತಿಗೂ ಕಕ್ಷಿದಾರರ ಫೋನ್ ನಿಲ್ಲುತ್ತಿಲ್ಲ ಅಂದರೆ ಹೀಗೆ ಮಾಡಿ. ಕೋರ್ಟ್ ಆವರಣ ಬಿಡುವ ಮುಂಚೆ ಡೈರಿ ತೆರೆದು, ಅವತ್ತು ಕರೆದ ಪ್ರತಿ ಕೇಸಿನವರಿಗೂ ವಾಟ್ಸಾಪ್‌ನಲ್ಲಿ ಮೂರು ಸಾಲು ಕಳಿಸಿ: ಇವತ್ತು ಏನಾಯಿತು, ಮುಂದಿನ ತಾರೀಖು ಯಾವುದು, ಅವತ್ತು ಅವರು ಬರಬೇಕಾ ಬೇಡವಾ. ಪ್ರತಿ ಕೇಸನ್ನೂ ಗುರುತಿಸುವ 16 ಅಕ್ಷರ-ಅಂಕಿಯ ಸಿಎನ್‌ಆರ್ ಸಂಖ್ಯೆಯನ್ನೂ ಒಮ್ಮೆ ಕೊಟ್ಟುಬಿಡಿ. ಇ-ಕೋರ್ಟ್ಸ್ ಸರ್ವಿಸಸ್ ಆಪ್‌ನಲ್ಲಿ ಅದನ್ನು ಹಾಕಿದರೆ ತಾರೀಖು ಅವರಿಗೇ ಕಾಣುತ್ತದೆ. ಸಂಜೆ ಬರುವ ಫೋನುಗಳಲ್ಲಿ ಜಾಸ್ತಿ "ಸಾರ್, ಇವತ್ತು ಏನಾಯ್ತು?" ಅನ್ನುವುದೇ ಅಲ್ವಾ? ಉತ್ತರ ಮೊದಲೇ ಸಿಕ್ಕರೆ ಅವರ ಆತಂಕ ಇಳಿಯುತ್ತದೆ, ನಿಮಗೂ ಮನೆಯವರ ಜೊತೆ ಕೂತು ಊಟ ಮಾಡಲು ಆಗುತ್ತದೆ. "ಬರುವುದು ಬೇಡ" ಅನ್ನುವುದನ್ನು ಮಾತ್ರ ಮರೆಯಬೇಡಿ. ಎಷ್ಟೋ ಜನ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ ಸುಮ್ನೆ ಬಂದು ಹೋಗುತ್ತಾರೆ. ಜಾಮೀನು, ತಡೆಯಾಜ್ಞೆಯ ಕೇಸುಗಳಿಗೆ ಇದು ಸಾಲದು. ಕಕ್ಷಿದಾರರ ಮನೆಯವರು ಜೈಲಿನಲ್ಲಿರುವಾಗ ನೀವೇ ಮಾತಾಡಬೇಕು. ಓದಲು ಬಾರದವರಿಗೆ ವಾಯ್ಸ್ ಮೆಸೇಜ್ ಕಳಿಸಿ. ಆಪ್‌ನಲ್ಲಿ ತಾರೀಖು ಕೆಲವೊಮ್ಮೆ ತಡವಾಗಿ ಬರುವುದರಿಂದ ಡೈರಿಯನ್ನೇ ನಂಬಿ. ಜೂನಿಯರ್‌ಗಳು ಸೀನಿಯರನ್ನು ಕೇಳಿಯೇ ಕಳಿಸಿ. ಇನ್ನೊಂದು ಮಾತು: ಫೋನ್ ನಿಂತ ಮೇಲೂ ನಿದ್ದೆ ಬರುತ್ತಿಲ್ಲ, ಫೈಲ್ ಮುಟ್ಟಲೇ ಮನಸ್ಸಿಲ್ಲ ಅಂದರೆ ಅದು ಮೆಸೇಜಿನಿಂದ ಸರಿಹೋಗುವುದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.