ಮಸ್ಟಾಂಗ್‌ಗೆ ಪವರ್ ಸೇರಿಸಲಿಲ್ಲ, ಬಿಸಿ ಇಳಿಸಿದೆ

ನನ್ನ ಫೋರ್ಡ್ ಮಸ್ಟಾಂಗ್ ಜಿಟಿಗೆ ಇವತ್ತಿನ ತನಕ ಒಂದು ಹಾರ್ಸ್‌ಪವರ್ ಕೂಡ ಸೇರಿಸಿಲ್ಲ. ಬಾನೆಟ್ ಕೆಳಗಿನ 5.0 ಲೀಟರ್ ವಿ8 ಎಂಜಿನ್ ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇದೆ: ಸುಮಾರು 400 ಪಿಎಸ್ ಪವರ್, 515 ಎನ್‌ಎಂ ಟಾರ್ಕ್. ಆದರೂ ಅದೇ ಗಾಡಿ ಈಗ ಚೆನ್ನೈ ರೇಸ್ ಟ್ರ್ಯಾಕಿನಲ್ಲಿ ಮೊದಲಿಗಿಂತ ಬೇಗ ಸುತ್ತು ಮುಗಿಸುತ್ತದೆ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಸೆಷನ್ನಿನ (ಟ್ರ್ಯಾಕಿನಲ್ಲಿ ಒಮ್ಮೆಗೆ ಓಡಿಸುವ ಸರದಿ) ಕೊನೆಯ ವೇಗದ ಸುತ್ತಿನಲ್ಲೂ ಬ್ರೇಕ್ ಪೆಡಲ್ ಮೊದಲ ಸುತ್ತಿನಷ್ಟೇ ಗಟ್ಟಿಯಾಗಿರುತ್ತದೆ. ನಮ್ಮಂಥ ಬಿಸಿಲಿನ ಸೀಮೆಯವರು ಇಂಥ ಭಾರದ ಗಾಡಿಯನ್ನು ಟ್ರ್ಯಾಕಿಗೆ ತಯಾರು ಮಾಡುವಾಗ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಬೇಳೆ ಮಿಲ್. ಗಾಡಿ ಸಿಕ್ಕಿದ್ದು ಹೈದರಾಬಾದಿನಲ್ಲಿ, ಸೆಕೆಂಡ್ ಹ್ಯಾಂಡ್. ಎನ್‌ಒಸಿ, ಇಲ್ಲಿನ ಟ್ಯಾಕ್ಸ್ ಎಲ್ಲ ಮುಗಿಸಿ ಕೆಎ-32 ನಂಬರ್ ಪ್ಲೇಟ್ ಹಾಕಿಸಿದೆ. ಮಸ್ಟಾಂಗ್ ಅಧಿಕೃತವಾಗಿ ಭಾರತಕ್ಕೆ ಬಂದದ್ದು 2016ರಲ್ಲಿ, ಆರನೇ ತಲೆಮಾರಿನ ಮಾಡೆಲ್. ಕಂಪನಿಯೇ ಬಲಗಡೆ ಸ್ಟೀರಿಂಗ್ ಇಟ್ಟು ತಯಾರಿಸಿದ ಮೊದಲ ಮಸ್ಟಾಂಗ್ ಇದು. ಹಿಂದಿನ ಚಕ್ರಗಳಿಗೆ ಹಳೇ ಕಾಲದ ಒಂದೇ ಗಟ್ಟಿ ಆಕ್ಸಲ್ ಬಿಟ್ಟು ಎಲ್ಲ ಮಸ್ಟಾಂಗ್‌ಗಳಿಗೂ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರ ಬೇರೆಬೇರೆಯಾಗಿ ಏರಿಳಿಯುವಂಥದ್ದು) ಕೊಟ್ಟದ್ದೂ ಈ ತಲೆಮಾರಿನಲ್ಲೇ. ಹಾಗಾಗಿ ಬುನಾದಿ ಒಳ್ಳೆಯದು. ತೊಂದರೆ ಅಂದರೆ ತೂಕ. ಡ್ರೈವರ್ ಕೂತು, ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದರೆ 1,800 ಕಿಲೋ ದಾಟುತ್ತದೆ.

ಮೊದಲು ಗಾಡಿ ತೋರಿಸಿದ್ದು ನಮ್ಮ ಮಿಲ್ಲಿನ ಮಷಿನ್, ಟ್ರ್ಯಾಕ್ಟರ್ ಎಲ್ಲ ನೋಡುವ ಹಿರಿಯ ಮಿಸ್ತ್ರಿಗೆ. ಎಕ್ಸಾಸ್ಟ್, ಟ್ಯೂನಿಂಗ್ ಅಂತ ಜೊತೆಗಿದ್ದ ಹುಡುಗರು ಲಿಸ್ಟ್ ಹೇಳುತ್ತಿದ್ದರೆ ಅವರು ಕೆಳಗೆ ಬಗ್ಗಿ ಚಕ್ರದ ಸಂದಿಯಿಂದ ಬ್ರೇಕ್ ಡಿಸ್ಕ್ ನೋಡಿದರು. "ಓಡೂದು ಭಾಳ ಓಡ್ತದ್ರೀ ಇದು. ಮೊದ್ಲ ನಿಂದ್ರಸೂದು ನೋಡ್ರಿ" ಅಂದರು. ಮುಂದಿನ ಕೆಲಸವೆಲ್ಲ ಆ ಮಾತಿನ ಪ್ರಕಾರವೇ ನಡೆಯಿತು.

ಲೆಕ್ಕ ಹಾಕಿದರೆ ಅವರ ಮಾತಿನ ತೂಕ ಗೊತ್ತಾಗುತ್ತದೆ. 1,800 ಕಿಲೋ ಗಾಡಿ ಗಂಟೆಗೆ 180 ಕಿಮೀ ವೇಗದಲ್ಲಿ ಬರುತ್ತಿದೆ ಅನ್ನಿ, ಅಂದರೆ ಸೆಕೆಂಡಿಗೆ 50 ಮೀಟರ್. ಅದರಲ್ಲಿರುವ ಚಲನಶಕ್ತಿ ಸುಮಾರು 22.5 ಲಕ್ಷ ಜೂಲ್. ತಿರುವಿಗೆ ಮುಂಚೆ 80ಕ್ಕೆ ಇಳಿಸಿದರೆ ಅದರಲ್ಲಿ 18 ಲಕ್ಷ ಜೂಲ್ ಕೆಲವೇ ಸೆಕೆಂಡಿನಲ್ಲಿ ಶಾಖವಾಗಬೇಕು. ಮುಕ್ಕಾಲು ಪಾಲಿಗೆ ಹತ್ತಿರ ಮುಂದಿನ ಬ್ರೇಕುಗಳಿಗೇ ಬೀಳುತ್ತದೆ. ಮುಂದಿನ ಒಂದೊಂದು ಡಿಸ್ಕಿನ ತೂಕ 12–13 ಕಿಲೋ ಹಿಡಿದರೆ, ಒಂದೇ ಸಲದ ಬ್ರೇಕಿಗೆ ಡಿಸ್ಕಿನ ಬಿಸಿ 100 ಡಿಗ್ರಿಗಿಂತ ಹೆಚ್ಚು ಏರುತ್ತದೆ. ಅದು ಇಳಿಯುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ನಾನು ಹೋಗುವ ಚೆನ್ನೈ ಟ್ರ್ಯಾಕ್, ಅಂದರೆ ಶ್ರೀಪೆರಂಬದೂರ್ ಹತ್ತಿರ ಇರುಂಗಾಟ್ಟುಕೋಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಸುಮಾರು 3.7 ಕಿಮೀ ಉದ್ದ, 12 ತಿರುವು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಎಂಜಿನ್ ಪವರ್ ಇನ್ನೂ ಏರಿಸಿದರೆ ಈ ಲೆಕ್ಕ ಮತ್ತಷ್ಟು ಕೆಡುತ್ತದೆ ಅಷ್ಟೇ.

ಬ್ರೇಕ್ ಆಯಿಲ್ ಮೊದಲು. ಡಾಟ್ 4 ದರ್ಜೆಗೆ ನಿಯಮದ ಪ್ರಕಾರ ಹೊಸದಾಗಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ನೀರಿನಂಶ ಹೀರಿಕೊಂಡ ಮೇಲೆ 155. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ, ಹಾಗಾಗಿ ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಕುದ್ದರೆ ಆವಿಯ ಗುಳ್ಳೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಾನು ಹಾಕಿದ್ದು ಮೋಟುಲ್ ಆರ್‌ಬಿಎಫ್ 600, ಹೊಸದಿದ್ದಾಗ 312 ಡಿಗ್ರಿವರೆಗೆ ಕುದಿಯುವುದಿಲ್ಲ. ಡಬ್ಬಿ ಒಮ್ಮೆ ತೆರೆದರೆ ಉಳಿದದ್ದನ್ನು ಇಟ್ಟುಕೊಳ್ಳುವುದಿಲ್ಲ. ಪ್ರತಿ ಟ್ರ್ಯಾಕ್ ದಿನಕ್ಕೂ ಮೊದಲು ನಾಲ್ಕೂ ಚಕ್ರದ ಬ್ಲೀಡಿಂಗ್ (ಹಳೇ ಆಯಿಲ್, ಗಾಳಿಗುಳ್ಳೆ ಹೊರಹಾಕುವುದು) ಆಗಲೇಬೇಕು.

ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕ್ ಪ್ಯಾಡ್ ಎರಡು ಸೆಟ್ ಇವೆ, ರಸ್ತೆಗೊಂದು, ಟ್ರ್ಯಾಕಿಗೊಂದು. ಟ್ರ್ಯಾಕ್ ಪ್ಯಾಡ್ ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ, ಕಿರುಚುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್ಕಿನಲ್ಲಿ ಅದು ಅಪಾಯ. ಟ್ರ್ಯಾಕಿನಲ್ಲಿ ಹಾಕಿ, ವಾಪಸ್ ಬರುವ ಮುಂಚೆ ಅಲ್ಲೇ ಬಿಚ್ಚುತ್ತೇನೆ. ಪ್ಯಾಡ್ ಕೂರಿಸುವ ಮೊದಲ ನಿಧಾನದ ಸುತ್ತುಗಳೂ ಟ್ರ್ಯಾಕಿನಲ್ಲೇ, ರಿಂಗ್ ರೋಡಿನಲ್ಲಿ ಖಂಡಿತ ಅಲ್ಲ.

ಇಡೀ ಗಾಡಿಯಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಕೆಲಸ ಬ್ರೇಕಿಗೆ ಗಾಳಿ ತಂದದ್ದು. ಬೇಳೆ ಮಿಲ್ಲಿನಲ್ಲಿ ಹೊಟ್ಟು, ಧೂಳು ಎಳೆಯುವುದಕ್ಕೆ ತಗಡಿನ ಡಕ್ಟ್ ಇರುತ್ತವೆ. ನಮಗೆ ಆ ಡಕ್ಟ್ ಮಾಡಿಕೊಡುವ ಫ್ಯಾಬ್ರಿಕೇಟರ್ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದಾರೆ. ಗಾಳಿ ಎಲ್ಲಿ ಕಿರಿದಾದರೆ ಏನಾಗುತ್ತದೆ, ಮೊಣಕೈ ಎಷ್ಟು ಚೂಪಾದರೆ ಎಷ್ಟು ನಷ್ಟ ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತು. ಬಂಪರಿನ ಕೆಳಗಿನ ಗ್ರಿಲ್ ಹಿಂದೆ ಅಲ್ಯೂಮಿನಿಯಂ ಬಾಯಿ ಕೂರಿಸಿ, ಅಲ್ಲಿಂದ ಮೂರು ಇಂಚಿನ ಶಾಖ ತಡೆಯುವ ಸಿಲಿಕೋನ್ ಹೋಸ್ ಎಳೆದೆವು. ಡಿಸ್ಕ್ ಹಿಂದಿನ ಧೂಳಿನ ತಗಡು ತೆಗೆದು, ಅದರ ಜಾಗಕ್ಕೆ ಹೋಸ್ ಕೂರುವ ಹೊಸ ಪ್ಲೇಟ್. ಮುಖ್ಯವಾದ ಮಾತು ಇಲ್ಲಿದೆ: ಗಾಳಿಯನ್ನು ಡಿಸ್ಕಿನ ಮೈಮೇಲೆ ಬಿಡಬಾರದು. ಒಂದೇ ಮಗ್ಗುಲು ತಣ್ಣಗಾದರೆ ಎರಡು ಮುಖಗಳ ಬಿಸಿ ಬೇರೆಬೇರೆಯಾಗಿ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಗಾಳಿ ಹೋಗಬೇಕಾದ್ದು ಹಬ್ ಸುತ್ತಲಿನ ನಡುಭಾಗಕ್ಕೆ. ಡಿಸ್ಕಿನ ಒಳಗಿನ ರೆಕ್ಕೆಗಳು ತಿರುಗುತ್ತಾ ಅದನ್ನು ಎಳೆದು ಅಂಚಿನಿಂದ ಹೊರಗೆ ತಳ್ಳುತ್ತವೆ. ಪ್ಲೇಟಿನ ಬಾಯಿಯನ್ನು ಅದಕ್ಕೆ ಸರಿಯಾಗಿ ತಿರುಗಿಸಲು ಫ್ಯಾಬ್ರಿಕೇಟರ್ ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿದರು, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಟೈರಿಗೆ ತಾಗುವುದಿಲ್ಲ ಅಂತ ಖಾತ್ರಿಯಾದ ಮೇಲೇ ತಗಡಿಗೆ ಕತ್ತರಿ ಹಾಕಿದರು.

ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮೇಲೆ ಬಣ್ಣ ಬದಲಿಸುವ ಟೆಂಪರೇಚರ್ ಸ್ಟಿಕ್ಕರ್ ಅಂಟಿಸಿದ್ದೇನೆ. ಒಮ್ಮೆ ಕಪ್ಪಾದ ಚೌಕ ಮತ್ತೆ ಬೆಳ್ಳಗಾಗುವುದಿಲ್ಲವಾದ್ದರಿಂದ ಗರಿಷ್ಠ ಬಿಸಿ ಎಷ್ಟಿತ್ತು ಅನ್ನುವುದು ಅಲ್ಲಿ ದಾಖಲಾಗಿ ಉಳಿಯುತ್ತದೆ. ಮಿಲ್ಲಿನ ಮೋಟಾರ್ ಬೇರಿಂಗ್ ನೋಡುವ ಇನ್‌ಫ್ರಾರೆಡ್ ಗನ್ ಕೂಡ ಜೊತೆಗಿರುತ್ತದೆ, ಆದರೆ ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಬರುವಷ್ಟರಲ್ಲಿ ಡಿಸ್ಕ್ ಸಾಕಷ್ಟು ಆರಿರುತ್ತದೆ. ಎಡ-ಬಲದ ವ್ಯತ್ಯಾಸ ನೋಡುವುದಕ್ಕೆ ಅದು ಸಾಕು. ಡಕ್ಟ್ ಹಾಕಿದ ಮೇಲೆ ಸ್ಟಿಕ್ಕರಿನ ಮೇಲಿನ ಚೌಕಗಳು ಬೆಳ್ಳಗೇ ಉಳಿದವು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಬಿಸಿ ಎರಡನೆಯದು. ಇಲ್ಲಿ ಮಾರಾಟವಾದ ಜಿಟಿಗೆ ಆರು ಸ್ಪೀಡಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಟ್ರ್ಯಾಕಿನಲ್ಲಿ ಅದರ ಆಯಿಲ್ ಎಂಜಿನ್ನಿಗಿಂತ ಮೊದಲು ಸುಸ್ತಾಗುತ್ತದೆ, ಹಾಗಾಗಿ ಮುಂದೆ ಒಂದು ಪ್ರತ್ಯೇಕ ಕೂಲರ್ ಕೂರಿಸಿದೆ. ಗೇರನ್ನು ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ನಾನೇ ಹಾಕುತ್ತೇನೆ, ತಿರುವಿನ ನಡುವೆ ಗೇರ್‌ಬಾಕ್ಸ್ ತಾನಾಗಿಯೇ ಗೇರ್ ಬದಲಿಸದ ಹಾಗೆ. ಎಂಜಿನ್ನಿಗೆ ಕಂಪನಿ ಹೇಳುವುದು 5ಡಬ್ಲ್ಯೂ-20 ಆಯಿಲ್, ಸುಮಾರು ಏಳೂವರೆ ಲೀಟರ್ ಹಿಡಿಯುತ್ತದೆ. ಟ್ರ್ಯಾಕಿಗೆ ಹೋಗುವಾಗ 5ಡಬ್ಲ್ಯೂ-50 ಹಾಕುತ್ತೇನೆ. ಬಿಸಿ ಏರಿದಾಗ ತೆಳು ಆಯಿಲಿನ ಒತ್ತಡ ಇಳಿಯುತ್ತದೆ, ದಪ್ಪದ್ದು ತಡೆದುಕೊಳ್ಳುತ್ತದೆ. ಎಂಜಿನ್ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್‌ಗೂ ದಪ್ಪ ಆಯಿಲ್, 75ಡಬ್ಲ್ಯೂ-140.

ಇದಕ್ಕೆಲ್ಲ ಮುಂಚೆ ಪುಕ್ಕಟೆಯಾಗಿ ಆಗುವ ಕೆಲಸ ಒಂದಿದೆ: ರೇಡಿಯೇಟರ್ ತೊಳೆಯುವುದು. ನಮ್ಮ ಕಡೆ ಎರೆಮಣ್ಣಿನ ಧೂಳು, ಸೀಸನ್ನಿನಲ್ಲಿ ಹೊಟ್ಟಿನ ಧೂಳು. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಅದು ಕಂಬಳಿಯಂತೆ ಕೂತಿರುತ್ತದೆ, ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ಪ್ರೆಷರ್ ವಾಷರ್ ಹಿಡಿದರೆ ಫಿನ್ ಮಲಗಿಬಿಡುತ್ತವೆ. ಏಪ್ರಿಲ್–ಮೇನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಸಾಧಾರಣ ಕಾರಿಗೂ ಈ ಕೆಲಸ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಚಕ್ರದ ಅಲೈನ್‌ಮೆಂಟ್. ಟ್ರ್ಯಾಕ್ ಅಲೈನ್‌ಮೆಂಟ್ ಕೈಯಾರೆ ಮಾಡಬೇಕಾದರೆ ನೆಲ ಸಮವಿರಬೇಕು. ಮಿಲ್ಲಿನ ಶೆಡ್ಡಿನಲ್ಲಿ ಹಾಸಿರುವುದು ಶಹಾಬಾದ್ ಕಲ್ಲು. ಕಣ್ಣಿಗೆ ಸಪಾಟು, ಆದರೆ ಒಂದು ಮೂಲೆಯಿಂದ ಇನ್ನೊಂದಕ್ಕೆ ನೀರು ಹರಿದು ಹೋಗಲು ಇಳಿಜಾರು ಬಿಟ್ಟೇ ಹಾಸಿರುತ್ತಾರೆ. ಗೌಂಡಿಯೊಬ್ಬರನ್ನು ಕರೆಸಿ ನಾಲ್ಕು ಚಕ್ರ ಕೂರುವ ಜಾಗ ಗುರುತು ಮಾಡಿ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿಸಿದೆ. ಅವರು ಪೈಪಿನ ಒಂದು ತುದಿ ಗೋಡೆಗೆ ಹಿಡಿದು, ನೀರಿನ ಗೆರೆ ಅಲುಗಾಡುವುದು ನಿಲ್ಲುವವರೆಗೆ ಉಸಿರು ಬಿಡದೆ ಕಾಯುತ್ತಿದ್ದರು. ತಗ್ಗಿದ್ದ ಕಡೆ ತೆಳು ಶಹಾಬಾದ್ ಫರ್ಶಿಯನ್ನೇ ಉಜ್ಜಿ ಕೂರಿಸಿ, ನಾಲ್ಕೂ ಜಾಗ ಒಂದು ಮಟ್ಟಕ್ಕೆ ಬಂದವು.

ಆ ನಾಲ್ಕು ಜಾಗದ ಮೇಲೆ ತೊಗರಿ ಚೀಲ ತೂಗುವ ಒಂದೇ ಮಾಡೆಲ್ಲಿನ ನಾಲ್ಕು ಎಲೆಕ್ಟ್ರಾನಿಕ್ ತೂಕದ ಮಷಿನ್ ಇಟ್ಟು ಗಾಡಿ ಹತ್ತಿಸಿದೆವು. ನಾನು ಡ್ರೈವರ್ ಸೀಟಿನಲ್ಲಿ, ಟ್ಯಾಂಕ್ ಅರ್ಧ. ಮುಂದಿನ ಎರಡು ಚಕ್ರದ ಮೇಲೆ ಶೇ. 53ಕ್ಕಿಂತ ಹೆಚ್ಚು ಭಾರ ಬಿತ್ತು. ಇದರಿಂದ ಒಂದು ನಿರ್ಧಾರ ಸುಲಭವಾಯಿತು. ತೂಕ ಇಳಿಸುವುದಕ್ಕೆ ಎಲ್ಲರೂ ಮೊದಲು ಕಿತ್ತುಹಾಕುವುದು ಹಿಂದಿನ ಸೀಟು. ಹಿಂದಿನಿಂದ ತೂಕ ತೆಗೆದರೆ ಗಾಡಿ ಹಗುರವಾಗುತ್ತದೆ ನಿಜ, ಆದರೆ ಮೂಗು ಇನ್ನೂ ಭಾರವಾಗುತ್ತದೆ. ಮೂಗು ಭಾರದ ಗಾಡಿ ತಿರುವಿನಲ್ಲಿ ಸ್ಟೀರಿಂಗ್ ಕೇಳದೆ ಹೊರಕ್ಕೆ ಸರಿಯುತ್ತದೆ. ನಾನು ಸೀಟು ಮುಟ್ಟಲಿಲ್ಲ.

ಹೊರಕ್ಕೆ ಸರಿಯುವುದಕ್ಕೆ ಟೈರೂ ಕಾರಣ. ನನ್ನ ಗಾಡಿಗೆ ಬಂದದ್ದು ಮುಂದೆ 255/40 ಆರ್19, ಹಿಂದೆ 275/40 ಆರ್19. ಟ್ರ್ಯಾಕಿಗಾಗಿ ಹಿಂದಿನ ಅಳತೆಯ ಚಕ್ರವನ್ನೇ ಮುಂದಕ್ಕೂ ತಂದು ನಾಲ್ಕೂ ಕಡೆ 275 ಹಾಕಿದೆ. ಮುಂದಿನ ಹಿಡಿತ ಹೆಚ್ಚಿತು, ಟೈರನ್ನು ಹಿಂದೆ-ಮುಂದೆ ಅದಲುಬದಲು ಮಾಡಿ ಪೂರ್ತಿ ಬಳಸಲೂ ಬಂತು. ಕ್ಯಾಂಬರ್ (ಚಕ್ರದ ವಾಲಿಕೆ) ಬದಲಿಸುವ ಪ್ಲೇಟ್ ಹಾಕಿ ಮುಂದಿನ ಚಕ್ರಗಳ ತಲೆಯನ್ನು ಎರಡೂವರೆ ಡಿಗ್ರಿ ಒಳಕ್ಕೆ ವಾಲಿಸಿದೆ, ಹಿಂದೆ ಅದಕ್ಕಿಂತ ಕಡಿಮೆ. ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅಳೆದದ್ದು ಗಾಡಿಯ ಎರಡೂ ಮಗ್ಗುಲಿಗೆ ಸಮಾನಾಂತರ ದಾರ ಕಟ್ಟಿ, ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚಿಗೆ ಸ್ಟೀಲ್ ಸ್ಕೇಲ್ ಹಿಡಿದು. ಮುಂದೆ ಸೊನ್ನೆ, ಹಿಂದೆ ಸ್ವಲ್ಪ ಒಳಮುಖ.

ಈ ಅಂಕಿಗಳು ನನ್ನ ಗಾಡಿಯವು, ಹಾಗೇ ನಕಲು ಮಾಡುವುದು ಬೇಡ. ಟೈರೇ ಉತ್ತರ ಹೇಳುತ್ತದೆ. ಸೆಷನ್ ಮುಗಿದ ತಕ್ಷಣ ಸೂಜಿ ಚುಚ್ಚುವ ಥರ್ಮಾಮೀಟರಿನಿಂದ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಅಳೆದು ಬರೆದುಕೊಳ್ಳಬೇಕು. ಹೊರ ಅಂಚು ಹೆಚ್ಚು ಬಿಸಿಯಾಗಿದ್ದರೆ ಕ್ಯಾಂಬರ್ ಸಾಲದು. ನಡು ಮಾತ್ರ ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ. ಓಡಿದಂತೆ ಟೈರಿನ ಗಾಳಿ ಏರುತ್ತದೆ, ಅದಕ್ಕೆ ತಣ್ಣಗಿರುವಾಗ ಕಡಿಮೆ ಹಿಡಿದು ಶುರುಮಾಡಿ, ಬಿಸಿಯಾದ ಮೇಲಿನ ಅಂಕಿಯನ್ನೇ ಗುರಿಯಾಗಿಟ್ಟುಕೊಳ್ಳುತ್ತೇನೆ.

ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಸಬ್‌ಫ್ರೇಮ್ ಕೂತಿರುವುದು ದೊಡ್ಡ ರಬ್ಬರ್ ಬುಷ್‌ಗಳ ಮೇಲೆ. ರಸ್ತೆಯಲ್ಲಿ ಅದು ಸುಖ, ಟ್ರ್ಯಾಕಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಡೀ ಫ್ರೇಮ್ ಚೂರು ಅಲುಗುತ್ತದೆ, ಹಿಂದಿನ ಚಕ್ರ ಕುಪ್ಪಳಿಸುತ್ತದೆ. ಆ ಬುಷ್‌ಗಳ ಚಲನೆ ತಡೆಯುವ ಬ್ರೇಸ್ ಹಾಕಿದೆ. ಕಡಿಮೆ ಖರ್ಚು, ಒಂದು ದಿನದ ಕೆಲಸ, ತಿರುವಿನಿಂದ ಹೊರಬರುವಾಗ ಧೈರ್ಯ ಬಂತು.

ಸುರಕ್ಷತೆಯ ವಿಷಯದಲ್ಲಿ ಒಂದು ಕಡೆ ಗಟ್ಟಿಯಾಗಿ ನಿಂತಿದ್ದೇನೆ. ಗಾಡಿ ಮಗುಚಿದಾಗ ತಲೆ ಕಾಯುವ ಉಕ್ಕಿನ ರೋಲ್ ಬಾರ್, ರೇಸ್ ಸೀಟು ಇಲ್ಲದೆ ನಾಲ್ಕು ಪಟ್ಟಿಯ ಹಾರ್ನೆಸ್ ಕಟ್ಟಿಕೊಳ್ಳುವುದು ಸರಿಯಲ್ಲ. ಗಾಡಿ ಮಗುಚಿದರೆ ಅದು ಮೈಯನ್ನು ನೆಟ್ಟಗೇ ಹಿಡಿದಿಡುತ್ತದೆ, ಛಾವಣಿ ಕುಸಿದರೆ ಸರಿಯಲು ಜಾಗವಿರುವುದಿಲ್ಲ. ಕಂಪನಿಯ ಮೂರು ಪಾಯಿಂಟಿನ ಬೆಲ್ಟ್, ಏರ್‌ಬ್ಯಾಗ್, ಒಳ್ಳೆಯ ಹೆಲ್ಮೆಟ್ ಸಾಕು. ಗಾಡಿ ಜಾರಿದಾಗ ತಾನೇ ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಪೂರ್ತಿ ಆಫ್ ಮಾಡುವ ಆತುರವೂ ಬೇಡ.

ಕಾನೂನು ಕೂಡ ನೆನಪಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಮಾಮೂಲಿ ಇನ್ಶೂರೆನ್ಸ್ ಪಾಲಿಸಿ ರೇಸ್, ಸ್ಪೀಡ್ ಟೆಸ್ಟಿಂಗ್ ಯಾವುದಕ್ಕೂ ಅನ್ವಯಿಸುವುದಿಲ್ಲ. ಟ್ರ್ಯಾಕಿಗೆ ಹಾಕಿದ್ದರಲ್ಲಿ ಬಿಚ್ಚಲು ಬರುವುದನ್ನೆಲ್ಲ ರಸ್ತೆಗೆ ಇಳಿಸುವ ಮುಂಚೆ ಬಿಚ್ಚುತ್ತೇನೆ, ಗಾಡಿಯನ್ನು ರಾಯಚೂರು–ಕರ್ನೂಲು ದಾರಿಯಲ್ಲಿ ಫ್ಲಾಟ್‌ಬೆಡ್ ಟ್ರಕ್ಕಿನ ಮೇಲೆ ಸಾಗಿಸುತ್ತೇನೆ. ಖರ್ಚು ಹೌದು. ಆದರೆ ಬ್ರೇಕ್ ಪೂರ್ತಿ ತೇಯ್ದ ಗಾಡಿಯನ್ನು ಅಷ್ಟು ದೂರ ಓಡಿಸಿಕೊಂಡು ಬರುವ ಪ್ರಶ್ನೆಯೇ ಇರುವುದಿಲ್ಲ.

ಪ್ರತಿ ಸೆಷನ್ನಿನ ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನ ಓಡಿಸುತ್ತೇನೆ, ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಬಿಸಿ ಡಿಸ್ಕನ್ನು ಪ್ಯಾಡ್ ಕಚ್ಚಿ ಹಿಡಿದರೆ ಅಲ್ಲಿ ಕಲೆ ಬಿದ್ದು ಆಮೇಲೆ ಪೆಡಲ್ ನಡುಗುತ್ತದೆ. ಚಕ್ರದ ನಟ್‌ಗಳನ್ನು ತಣ್ಣಗಾದ ಮೇಲೆ ಟಾರ್ಕ್ ರೆಂಚಿನಿಂದ 204 ಎನ್‌ಎಂಗೆ ಮತ್ತೆ ನೋಡುತ್ತೇನೆ. ಈಗ ಕೈಯಲ್ಲಿರುವ ಕೆಲಸ ಡಿಫರೆನ್ಷಿಯಲ್‌ಗೆ ಕೂಲರ್. ಪಂಪ್ ಎಲ್ಲಿ ಕೂರಿಸಿದರೆ ಎಕ್ಸಾಸ್ಟಿನ ಬಿಸಿ ತಾಗುವುದಿಲ್ಲ ಅಂತ ಫ್ಯಾಬ್ರಿಕೇಟರ್ ಮತ್ತೆ ರಟ್ಟು ಕತ್ತರಿಸುತ್ತಿದ್ದಾರೆ.