ಸರ್ವಿಸ್‌ಗೆ ಬಿಡುವ ಮುಂಚೆ ಆ ಪುಟ ಒಮ್ಮೆ ನೋಡಿ

ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುವ ಕಾರಿನ ಪುಸ್ತಕ ಇದೆಯಲ್ಲ, ಅದರಲ್ಲಿ ಸರ್ವಿಸ್ ಪಟ್ಟಿ ಇರುತ್ತದೆ. ಹಲವು ಕಂಪನಿಯವರು 'ಆರ್' ಅಂದರೆ ಬದಲಿಸಿ, 'ಐ' ಅಂದರೆ ಬರೀ ಪರೀಕ್ಷಿಸಿ ಎಂದು ಗುರುತು ಹಾಕಿರುತ್ತಾರೆ. ಕಳೆದ ಸಲ ನನ್ನ ಬಿಲ್‌ನಲ್ಲಿ 'ಐ' ಇದ್ದದ್ದೆಲ್ಲ 'ಆರ್' ಆಗಿತ್ತು!

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ವಾಷರ್ ಕೂಡ ಹೊಸದು ಹಾಕಿಸಿ. ಚಿಲ್ಲರೆ ಕಾಸಿನ ವಸ್ತು, ಹಳೆಯದಾದರೆ ಆಯಿಲ್ ಜಿನುಗುತ್ತದೆ.

ಎಸಿ ಫಿಲ್ಟರ್ ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ. ನಾವೇ ತೆಗೆದು ನೋಡಬಹುದು.

ಬ್ರೇಕ್ ಪ್ಯಾಡ್ ಹೋಗಿದೆ ಅಂದರೆ ಎಷ್ಟು ಮಿ.ಮೀ. ಉಳಿದಿದೆ ಎಂದು ಕೇಳಿ. 3ರ ಹತ್ತಿರ ಬಂದಿದ್ದರೆ ಬದಲಿಸಿ. 7 ಇದ್ದರೆ ಸುಮ್ನೆ ಖರ್ಚು. ಎಲ್ಲರೂ ಮರೆಯುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬಿಸಿಗೆ ಕುದಿದು ಪೆಡಲ್ ಮೆತ್ತಗಾಗಬಹುದು. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು.

ಎಂಜಿನ್ ಫ್ಲಶ್ (ಎಂಜಿನ್ ಒಳಗೆ ತೊಳೆಯುವುದು), ಅದೂ ಇದೂ ಕೋಟಿಂಗ್ ಅಂತ ಸೇರಿಸಿದರೆ, ಪುಸ್ತಕದಲ್ಲಿ ಇಲ್ಲವಾದರೆ ಬೇಡ ಅನ್ನಿ. ತೆಗೆದ ಹಳೆ ಪಾರ್ಟ್‌ಗಳನ್ನು ಡಿಕ್ಕಿಯಲ್ಲೇ ಇಡಬೇಕು ಎಂದು ಜಾಬ್ ಕಾರ್ಡ್‌ನಲ್ಲಿ, ಅಂದರೆ ಕಾರು ಬಿಡುವಾಗ ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿಯಲ್ಲಿ, ಬರೆಸಿ.