ಹೆವಿವೇಯ್ಟ್ ಬಾಕ್ಸಿಂಗ್ ಪೇ-ಪರ್-ವ್ಯೂಗೆ (ಪಂದ್ಯಕ್ಕೆಂದೇ ಬೇರೆ ಹಣ ಕೊಟ್ಟು ನೋಡುವ ಪ್ರಸಾರಕ್ಕೆ) ದುಡ್ಡು ಕೊಡುವ ಮುನ್ನ

ಮೊದಲು ಪಣಕ್ಕಿಟ್ಟ ಬೆಲ್ಟುಗಳನ್ನು, ಅಂದರೆ ನಾಲ್ಕು ಮುಖ್ಯ ಬಾಕ್ಸಿಂಗ್ ಸಂಸ್ಥೆಗಳ ವಿಶ್ವ ಪ್ರಶಸ್ತಿಗಳನ್ನು, ಎಣಿಸಿ: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. 2024ರ ಮೇ 18ರಂದು ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಸೆಣಸಿದಾಗ ನಾಲ್ಕೂ ಪಣದಲ್ಲಿದ್ದವು, ಇಬ್ಬರೂ ಅಜೇಯರು. ಅಮೆರಿಕದಲ್ಲಿ ಸುಮಾರು 70 ಡಾಲರ್ ಕೊಟ್ಟವರಿಗೆ ಪೂರಾ 12 ಸುತ್ತು ಸಿಕ್ಕಿತು. ಅಂಥ ಪಂದ್ಯಕ್ಕೆ ಆ ಬೆಲೆ ಖಂಡಿತ ಸಲ್ಲುತ್ತದೆ.

ಆದರೆ ಅಜೇಯ ದಾಖಲೆಯೊಂದನ್ನೇ ನಂಬಬೇಡಿ. 1988ರ ಮೈಕ್ ಟೈಸನ್–ಮೈಕಲ್ ಸ್ಪಿಂಕ್ಸ್ ಪಂದ್ಯದಲ್ಲೂ ಇಬ್ಬರೂ ಸೋಲರಿಯದವರೇ. 91 ಸೆಕೆಂಡಿಗೆ ಮುಗಿಯಿತು. ಈ ತೂಕದಲ್ಲಿ ಒಂದು ಹೊಡೆತ ಸಾಕು. ಹಾಗಾಗಿ ಮುಖ್ಯ ಪಂದ್ಯಕ್ಕೆ ಮುಂಚಿನ ಪಂದ್ಯಗಳ ಪಟ್ಟಿಯಾದ ಅಂಡರ್‌ಕಾರ್ಡ್‌ನಲ್ಲಿ ಸಮಬಲರ ಪಂದ್ಯ ಎರಡಾದರೂ ಇರಬೇಕು, ಇಲ್ಲದಿದ್ದರೆ ಬಿಟ್ಟುಬಿಡಿ.

ಬಾಕ್ಸರ್‌ಗಳ ದಾಖಲೆ ಇಡುವ ಜಾಲತಾಣ ಬಾಕ್ಸ್‌ರೆಕ್‌ನಲ್ಲಿ ಇಬ್ಬರ ಕಳೆದ ಐದು ಎದುರಾಳಿಗಳನ್ನೂ ಬಿಡುವಿನ ತಿಂಗಳುಗಳನ್ನೂ ನೋಡಿ. ತೂಕ ಪರೀಕ್ಷೆ ಮುಗಿಯುವವರೆಗೆ ಖರೀದಿಸಬೇಡಿ: ಇಲ್ಲಿ ತೂಕಕ್ಕೆ ಮೇಲ್ಮಿತಿಯೇ ಇಲ್ಲ, ಹಿಂದಿನ ಪಂದ್ಯಕ್ಕಿಂತ ಏಳೆಂಟು ಕೆಜಿ ಏರಿದ್ದರೆ ತಯಾರಿ ಸಾಲದೆಂದು ಅನುಮಾನಿಸಿ.